ಏಳು ಸಾವಿರ ಬಾಡಿಗೆ, ಐವತ್ತು ಸಾವಿರ ಅಡ್ವಾನ್ಸ್: ಒಂದು ಸಂಸಾರದ ಲೆಕ್ಕ

ಬೆಂಗಳೂರಿನ ಹೆಗ್ಗನಹಳ್ಳಿ ಕ್ರಾಸ್‌ನಿಂದ ಸ್ವಲ್ಪ ಒಳಗೆ ಹೋದರೆ ಒಂದು ವಠಾರ. ಮೂವತ್ತು ನಲವತ್ತರ ಸೈಟು. ಮೇಲೆ ಓನರ್ ಸಂಸಾರ, ಕೆಳಗೆ ಸಾಲಾಗಿ ಐದು ಮನೆ. ಮೂರನೇ ಮನೆಯಲ್ಲಿರುವ ಸಂಸಾರದ ಕಥೆ ಇದು. ಗುರುತು ಸಿಗಬಾರದೆಂದು ಹೆಸರು ಬಿಟ್ಟಿದ್ದೇನೆ, ಒಂದೆರಡು ವಿವರ ಬದಲಿಸಿದ್ದೇನೆ.

ಆ ಮನೆಯಾಕೆಯನ್ನು ಅಕ್ಕ ಎನ್ನುತ್ತೇನೆ. ಅಕ್ಕ ಪೀಣ್ಯ ಕಡೆಯ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಪಿಎಫ್, ಇಎಸ್‌ಐ ಹಿಡಿದುಕೊಂಡು ಕೈಗೆ ಬರುವುದು 12,500 ರೂಪಾಯಿ. ಗಂಡ ಮನೆಗಳಿಗೆ ಪೇಂಟ್ ಹೊಡೆಯುವ ಕೆಲಸಗಾರ. ಒಂದು ತಿಂಗಳು ಹದಿನಾಲ್ಕು ಸಾವಿರ ಬಂದರೆ ಇನ್ನೊಂದು ತಿಂಗಳು ನಾಲ್ಕು ಸಾವಿರ. ಸರಾಸರಿ 9,500 ಎಂದು ಇಟ್ಟುಕೊಂಡೆವು. ಮಗಳು ಒಂಬತ್ತನೇ ಕ್ಲಾಸು, ಮಗ ಆರನೆಯದು. ಜೊತೆಗೆ ಅಕ್ಕನ ತಂಗಿಯ ಮಗ. ಸಿರಾ ತಾಲ್ಲೂಕಿನವನು, ಇಲ್ಲಿ ಡಿಗ್ರಿ ಓದುತ್ತಿದ್ದಾನೆ. ಹಾಸ್ಟೆಲ್ ಸೀಟು ಸಿಗಲಿಲ್ಲ, ದೊಡ್ಡಮ್ಮನ ಮನೆಯಲ್ಲೇ ಉಳಿದ. ಐದು ಜನ, ಒಂದು ಕೋಣೆ, ಕಿಟಕಿಯಿಲ್ಲದ ಒಂದು ಅಡುಗೆಮನೆ.

ಬಾಡಿಗೆ 7,000. ನೀರಿಗೆ 300. ಕರೆಂಟಿಗೆ ಸರಾಸರಿ 450. ಒಟ್ಟು 7,750. ಇಬ್ಬರ ದುಡಿಮೆ 22,000 ಆದ್ದರಿಂದ ಮನೆಗೇ ಶೇ. 35 ಹೋಗುತ್ತದೆ. 2025ರ ಬೇಸಿಗೆಯಲ್ಲಿ ಓನರ್ ಕೆಳಗೆ ಬಂದು, ಮುಂದಿನ ತಿಂಗಳಿಂದ 8,500 ಕೊಡಿ, ಅಡ್ವಾನ್ಸನ್ನೂ ಐವತ್ತರಿಂದ ಎಂಬತ್ತು ಸಾವಿರ ಮಾಡಿ ಎಂದರು. ಆಗದಿದ್ದರೆ ಬೇರೆ ಮನೆ ನೋಡಿಕೊಳ್ಳಿ ಎಂಬ ಮಾತೂ ಬಂತು.

ನನ್ನದು ಅಲ್ಲೇ ಹತ್ತಿರದಲ್ಲಿ ಜೆರಾಕ್ಸ್, ಟೈಪಿಂಗ್, ಆನ್‌ಲೈನ್ ಅರ್ಜಿಗಳ ಅಂಗಡಿ. ಅಕ್ಕ ಮೊಬೈಲ್ ಹಿಡಿದುಕೊಂಡು ಬಂದರು. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ಮೆಸೇಜು. "ಅಣ್ಣ, ಬಡವರ ಬಾಡಿಗೆ ದುಡ್ಡು ಗೌರ್ಮೆಂಟ್‌ನೋರೇ ಕೊಡ್ತಾರಂತಲ್ಲ, ಅರ್ಜಿ ಇದ್ರೆ ಹಾಕ್ಕೊಡಿ" ಎಂದರು.

ಅಂಥ ಅರ್ಜಿ ಇಲ್ಲ. ಬಾಡಿಗೆದಾರರ ಖಾತೆಗೆ ತಿಂಗಳು ತಿಂಗಳು ಬಾಡಿಗೆ ಹಾಕುವ ಯೋಜನೆ ಕರ್ನಾಟಕದಲ್ಲಿ ಇಲ್ಲ. ಹಾಗಂತ ಹೇಳಿ ಕಳಿಸಬಹುದಿತ್ತು. ಆದರೆ ಬೇರೆ ಬೇರೆ ಹೆಸರಿನಲ್ಲಿ ಬಾಡಿಗೆಯ ಹೊರೆ ಇಳಿಸುವ ಹಣ ಸರ್ಕಾರದಿಂದ ಬರುತ್ತಲೇ ಇದೆ. ಅದು ಈ ಮನೆಯ ಬಾಗಿಲ ತನಕ ಬಂತೇ, ಬರದಿದ್ದರೆ ಎಲ್ಲಿ ನಿಂತಿತು ಎಂದು ನೋಡೋಣ ಎಂದುಕೊಂಡೆವು.

ಮೊದಲು ಬಾಡಿಗೆ ಸಬ್ಸಿಡಿ ಎಂದರೆ ಏನು ಅಂತ. ಆ ಮೆಸೇಜಿನಲ್ಲಿ ಇದ್ದದ್ದು ಹೆಚ್ಚುಕಮ್ಮಿ ಅಮೆರಿಕದ ಪದ್ಧತಿ. ಅಲ್ಲಿ 1974ರ ಕಾನೂನಿನಿಂದ ಶುರುವಾದ 'ಸೆಕ್ಷನ್ 8' ಎಂಬ ಯೋಜನೆ ಇದೆ. ಬಡ ಕುಟುಂಬಕ್ಕೆ ಸರ್ಕಾರ ವೋಚರ್ ಕೊಡುತ್ತದೆ. ಕುಟುಂಬ ತನಗೆ ಬೇಕಾದ ಮನೆಯನ್ನು ಖಾಸಗಿ ಓನರ್ ಹತ್ತಿರವೇ ಹುಡುಕಿಕೊಳ್ಳಬೇಕು. ತನ್ನ ಆದಾಯದಲ್ಲಿ ಸುಮಾರು ಶೇ. 30ರಷ್ಟನ್ನು ಬಾಡಿಗೆ ಮತ್ತು ಕರೆಂಟು ನೀರಿಗೆ ಕಟ್ಟಬೇಕು. ಉಳಿದದ್ದನ್ನು, ಒಂದು ಮಿತಿಯವರೆಗೆ, ಊರಿನ ವಸತಿ ಸಂಸ್ಥೆ ನೇರ ಓನರ್‌ಗೆ ಕೊಡುತ್ತದೆ. ಆ ಮಿತಿಯನ್ನು ಆಯಾ ಪ್ರದೇಶದ ಬಾಡಿಗೆ ನೋಡಿ ನಿಗದಿ ಮಾಡುತ್ತಾರೆ. ಮನೆ ವಾಸಕ್ಕೆ ಯೋಗ್ಯವೇ ಎಂದು ತಪಾಸಣೆಯೂ ಆಗಬೇಕು.

ಈ ಲೆಕ್ಕವನ್ನು ಅಕ್ಕನ ಮನೆಗೆ ಹಾಕಿ ನೋಡಿದೆವು, ಸುಮ್ನೆ ತಿಳಿಯಲಿ ಅಂತ. 22,000ಕ್ಕೆ ಶೇ. 30 ಎಂದರೆ 6,600. ಓನರ್ ಕೇಳುತ್ತಿರುವ ಹೊಸ ಬಾಡಿಗೆ, ನೀರು, ಕರೆಂಟು ಸೇರಿ 9,250. ಮಿತಿಯೂ ಅಷ್ಟೇ ಇದ್ದಿದ್ದರೆ ಸರ್ಕಾರದ ಪಾಲು 2,650 ಆಗುತ್ತಿತ್ತು. ಆದಾಯ ಇಳಿದರೆ ಕುಟುಂಬದ ಪಾಲೂ ಇಳಿಯುತ್ತದೆ. ಗಂಡನಿಗೆ ನಾಲ್ಕೇ ಸಾವಿರದ ಕೆಲಸ ಸಿಕ್ಕುವ ಸ್ಥಿತಿ ಬಂದರೆ ಇವರು ಕಟ್ಟಬೇಕಾದ್ದು 4,950, ಸರ್ಕಾರದ್ದು 4,300. ವರ್ಷಪೂರ್ತಿ ಒಂದೇ ಮೊತ್ತ ಕೊಡುವ ಯೋಜನೆಯಲ್ಲಿ ಈ ಗುಣ ಇರುವುದಿಲ್ಲ. ಮಳೆಗಾಲದಲ್ಲಿ ಪೇಂಟ್ ಕೆಲಸ ನಿಂತಾಗ ಏನಾಗುತ್ತದೆ ಎಂದು ಗೊತ್ತಿರುವವರಿಗೆ ಇದರ ಬೆಲೆ ತಿಳಿಯುತ್ತದೆ.

ಆದರೆ ಅದೇ ನಿಯಮದಲ್ಲಿ ಈ ಮನೆ ತಪಾಸಣೆ ದಾಟುವುದು ಅನುಮಾನ. ಓನರ್ ಒಪ್ಪಿ ಒಪ್ಪಂದಕ್ಕೆ ಸಹಿ ಹಾಕಬೇಕು. ಗಂಡನ ಆದಾಯಕ್ಕೆ ಯಾವ ಚೀಟಿಯೂ ಇಲ್ಲ, ಅದನ್ನು ಸಾಬೀತು ಮಾಡುವುದು ಹೇಗೆ? ಎಲ್ಲಕ್ಕಿಂತ ಮೊದಲು ಸರದಿ ಬರಬೇಕು. ಅಮೆರಿಕದಲ್ಲಿ ಬಾಡಿಗೆ ನೆರವಿಗೆ ಅರ್ಹರಾದ ನಾಲ್ಕು ಕುಟುಂಬಗಳಲ್ಲಿ ಹೆಚ್ಚುಕಮ್ಮಿ ಒಂದಕ್ಕೆ ಮಾತ್ರ ಅದು ಸಿಗುತ್ತದೆ. ಉಳಿದವರು ಪಟ್ಟಿಯಲ್ಲಿ ವರ್ಷಗಟ್ಟಲೆ ಕಾಯುತ್ತಾರೆ.

ನಮ್ಮಲ್ಲಿ ಈ ಯೋಚನೆ ಬಂದೇ ಇಲ್ಲ ಎಂದಲ್ಲ. ಕೇಂದ್ರ ಸರ್ಕಾರ 2015ರಲ್ಲಿ ನಗರ ಬಾಡಿಗೆ ವಸತಿ ನೀತಿಯ ಕರಡು ಮಾಡಿತ್ತು, ವೋಚರ್ ಮಾತು ಅದರಲ್ಲೂ ಇತ್ತು. ಕೊರೋನಾ ಸಮಯದಲ್ಲಿ ಕೂಲಿ ಜನ ಊರಿಗೆ ನಡೆದು ಹೋದದ್ದನ್ನು ದೇಶವೇ ನೋಡಿತು. ಆಮೇಲೆ, 2020ರ ಜುಲೈನಲ್ಲಿ, ಕೈಗೆಟುಕುವ ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆ ಬಂತು. ಖಾಲಿ ಬಿದ್ದಿದ್ದ ಸರ್ಕಾರಿ ಮನೆಗಳನ್ನು ಬಾಡಿಗೆಗೆ ಕೊಡುವುದು ಒಂದು ದಾರಿ, ಕಂಪನಿಗಳೋ ಸಂಸ್ಥೆಗಳೋ ಹೊಸದಾಗಿ ಕಟ್ಟಿ ನಡೆಸುವುದು ಇನ್ನೊಂದು. ಸೂರತ್, ಚಂಡೀಗಢದಲ್ಲಿ ಖಾಲಿ ಮನೆಗಳು ಹೀಗೆ ತುಂಬಿದವು. 2024ರ ಸೆಪ್ಟೆಂಬರ್‌ನಿಂದ ಜಾರಿಯಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ (ನಗರ) ಎರಡನೇ ಹಂತದಲ್ಲೂ ಬಾಡಿಗೆ ಮನೆಗಳಿಗೆ ಒಂದು ಭಾಗ ಇದೆ. ವರ್ಷಕ್ಕೆ 3 ಲಕ್ಷದೊಳಗೆ ಆದಾಯವಿರುವ ಕುಟುಂಬ ಅದರಲ್ಲಿ ಅತಿ ಕೆಳಗಿನ ಗುಂಪು. ಅಕ್ಕನ ಮನೆಯದು 2,64,000. ಅಂದರೆ ಆದಾಯದ ಲೆಕ್ಕದಲ್ಲಿ ಅರ್ಹರೇ.

ಆದರೆ ಆ ಹಣ ಹೋಗುವುದು ಕಟ್ಟುವವರಿಗೆ. ಹೊಸ ತಂತ್ರಜ್ಞಾನದಲ್ಲಿ ಕಟ್ಟಿದರೆ ಚದರ ಮೀಟರಿಗೆ ಕೇಂದ್ರ 3,000, ರಾಜ್ಯ 2,000 ರೂಪಾಯಿ ಕೊಡುತ್ತದೆ. ಕಟ್ಟಡ ಇದ್ದ ಕಡೆ ಬಾಡಿಗೆದಾರ ಹೋಗಬೇಕು. ಅಕ್ಕನ ಫ್ಯಾಕ್ಟರಿಗೆ ನಡೆದು ಹೋಗುವ ದೂರದಲ್ಲಿ ಅಂಥ ಕಟ್ಟಡ ಇಲ್ಲ. ಬಸ್ಸಿನಲ್ಲಿ ಒಂದೂವರೆ ಗಂಟೆ ದೂರದಲ್ಲಿ ಇದ್ದರೂ ಪ್ರಯೋಜನವಿಲ್ಲ. ಗಾರ್ಮೆಂಟ್ಸ್‌ನಲ್ಲಿ ತಡವಾಗಿ ಹೋದರೆ ಸಂಬಳಕ್ಕೇ ಕತ್ತರಿ, ಅಲ್ವಾ?

ಈ ನಡುವೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಬಾಡಿಗೆಗೆ ಸರ್ಕಾರದ ನೆರವು ಪಡೆಯುವ ದೊಡ್ಡ ಗುಂಪು ಈ ದೇಶದಲ್ಲಿ ಆಗಲೇ ಇದೆ. ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡ ಸಂಬಳದಾರರು ಎಚ್‌ಆರ್‌ಎ, ಅಂದರೆ ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ, ತೋರಿಸಿ ತೆರಿಗೆ ಉಳಿಸುತ್ತಾರೆ. ಎಚ್‌ಆರ್‌ಎ ಇಲ್ಲದವರಿಗೆ ತೆರಿಗೆ ಲೆಕ್ಕದಲ್ಲಿ ತಿಂಗಳಿಗೆ 5,000 ರೂಪಾಯಿವರೆಗೆ ಕಡಿತವಿದೆ. ನಲವತ್ತು ಸಾವಿರ ಬಾಡಿಗೆ ಕಟ್ಟುವವರ ರಸೀದಿಗಳನ್ನು ಪ್ರತಿ ಜನವರಿಯಲ್ಲಿ ನಾನೇ ಪ್ರಿಂಟ್ ಹಾಕಿ ಕೊಡುತ್ತೇನೆ. ತೆರಿಗೆಯೇ ಕಟ್ಟದಷ್ಟು ಕಡಿಮೆ ದುಡಿಯುವ ಅಕ್ಕನಿಗೆ ಅದರಲ್ಲಿ ಒಂದು ರೂಪಾಯಿಯೂ ಇಲ್ಲ. ಇದನ್ನು ಯಾರೂ ಸಬ್ಸಿಡಿ ಎಂದು ಕರೆಯುವುದಿಲ್ಲ ಅಷ್ಟೆ.

ಬಾಡಿಗೆ ಏರಿಸುವುದನ್ನು ಕಾನೂನು ತಡೆಯುತ್ತದೆಯೇ ಎಂದೂ ಅಕ್ಕ ಕೇಳಿದರು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ. ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ಮನೆಗೆ ಅದು ಅನ್ವಯಿಸುವುದಿಲ್ಲ. ಈಗ ಆ ಬಾಡಿಗೆಗೆ ಎಲ್ಲಿ ಮನೆ ಸಿಗುತ್ತದೆ? ಕಾಯ್ದೆಯ ಹೊರಗೆ ಉಳಿದವರಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಕರಾರು ಇಲ್ಲದ ತಿಂಗಳ ಬಾಡಿಗೆಯಾದರೆ ಹದಿನೈದು ದಿನದ ನೋಟಿಸ್ ಸಾಕು. ನೋಟಿಸ್ ಕೊಟ್ಟ ಮಾತ್ರಕ್ಕೆ ಸಾಮಾನು ಹೊರಗೆ ಹಾಕುವಂತಿಲ್ಲ, ಅದಕ್ಕೆ ಕೋರ್ಟಿಗೆ ಹೋಗಬೇಕು. ಆದರೆ ಮೇಲುಗಡೆ ಇರುವ ಓನರ್ ಜೊತೆ ಕೋರ್ಟಿನಲ್ಲಿ ಜಗಳವಾಡಿಕೊಂಡು ಕೆಳಗಡೆ ಸಂಸಾರ ಮಾಡುವುದು ಆಗದ ಮಾತು.

ಇನ್ನು ಕೈಗೆ ಬರಬಹುದಾದ ಹಣ. ಮೊದಲು ಗೃಹಜ್ಯೋತಿ. 2023ರ ಆಗಸ್ಟ್ ಬಿಲ್ಲಿನಿಂದ, ಹಿಂದಿನ ಸರಾಸರಿ ಬಳಕೆಯ ಲೆಕ್ಕದಲ್ಲಿ, 200 ಯೂನಿಟ್‌ವರೆಗೆ ಉಚಿತ ಕರೆಂಟು, ಬಾಡಿಗೆದಾರರಿಗೂ ಇದೆ. ಈ ಮನೆಯ ಖರ್ಚು ತಿಂಗಳಿಗೆ 45 ಯೂನಿಟ್. ಹೊಸದಾಗಿ ಬಂದ, ಹಿಂದಿನ ಲೆಕ್ಕ ಇಲ್ಲದ ಬಾಡಿಗೆದಾರರಿಗೂ ರಾಜ್ಯದ ಸರಾಸರಿ 53 ಯೂನಿಟ್‌ಗೆ ಶೇ. 10 ಸೇರಿಸಿ 58 ಯೂನಿಟ್ ಎಂದು ನಿಯಮ ಮಾಡಿದ್ದರು. ಹೇಗೆ ನೋಡಿದರೂ ಇವರ ಬಿಲ್ಲು ಸೊನ್ನೆಯಾಗಬೇಕಿತ್ತು.

ಆಗಿಲ್ಲ. ಕಾರಣ ಕೆಳಗಿನ ಐದೂ ಮನೆಗೆ ಒಂದೇ ಆರ್‌ಆರ್ ನಂಬರ್, ಅಂದರೆ ಒಂದೇ ಕರೆಂಟು ಕನೆಕ್ಷನ್. ಒಳಗೆ ಓನರ್ ಹಾಕಿಸಿದ ಸಬ್ ಮೀಟರ್. ಒಂದೊಂದು ಮನೆ 45 ಯೂನಿಟ್ ಉರಿಸಿದರೂ ಐದು ಸೇರಿ 225. 200 ದಾಟಿತು ಎಂದರೆ ಪೂರ್ತಿ ಬಿಲ್ಲು ಕಟ್ಟಬೇಕು. ಅದನ್ನು ಓನರ್ ಯೂನಿಟ್‌ಗೆ 10 ರೂಪಾಯಿಯಂತೆ ಬಾಡಿಗೆದಾರರಿಂದ ವಸೂಲಿ ಮಾಡುತ್ತಾರೆ. ಬೆಸ್ಕಾಂ ದರ ಅದಕ್ಕಿಂತ ಕಡಿಮೆ. ಕೇಳಿದರೆ, ನಿಗದಿತ ಶುಲ್ಕ, ನೀರಿನ ಮೋಟರ್ ಎಲ್ಲ ಸೇರಿ ಅಷ್ಟಾಗುತ್ತದೆ ಎನ್ನುತ್ತಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ಒಂದೊಂದು ಮನೆಗೆ ಒಂದೊಂದು ಮೀಟರ್ ಇದ್ದಿದ್ದರೆ ಐದು ಮನೆ ಸೇರಿ ತಿಂಗಳಿಗೆ 2,250 ರೂಪಾಯಿ ಉಳಿಯುತ್ತಿತ್ತು. ಐವರೂ ಬಡವರೇ. ಯೋಜನೆ ಯಾರಿಗಾಗಿ ಬಂತೋ ಅವರೇ ಮೀಟರ್ ಲೆಕ್ಕದಲ್ಲಿ ಒಂದು ದೊಡ್ಡ ಮನೆಯಾಗಿಬಿಟ್ಟರು.

ಬೇರೆ ಮೀಟರ್ ಹಾಕಿಸಿ ಎಂದು ಓನರ್‌ಗೆ ಹೇಳಿದೆವು. ಅವರು ಮೊದಲು ಆಗಲ್ಲ ಎನ್ನಲಿಲ್ಲ, ವಿಚಾರಿಸುತ್ತೇನೆ ಎಂದರು. ವಿಚಾರಿಸಿದ ಮೇಲೆ ಆಗಲ್ಲ ಎಂದರು. ಕಟ್ಟಡಕ್ಕೆ ಸ್ವಾಧೀನಾನುಭವ ಪತ್ರ (ಓಸಿ, ನಕ್ಷೆಯಂತೆ ಕಟ್ಟಿದೆ ಎಂದು ಪಾಲಿಕೆ ಕೊಡುವ ಪತ್ರ) ಇಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಮೇಲೆ, ಆ ಪತ್ರ ಇಲ್ಲದ ಕಟ್ಟಡಕ್ಕೆ ಹೊಸ ಕನೆಕ್ಷನ್ ಪಡೆಯುವುದು ಬೆಂಗಳೂರಿನಲ್ಲಿ ಆಗ ಕಷ್ಟವಾಗಿತ್ತು. ಇಂಥ ಏರಿಯಾಗಳಲ್ಲಿ ಆ ಪತ್ರ ಇರುವ ವಠಾರ ಹುಡುಕುವುದೇ ಕಷ್ಟ.

ಮೀಟರ್ ಬೇರೆ ಇರುವ ಪಕ್ಕದ ಬೀದಿಯ ಮನೆಯಲ್ಲಿ ಇನ್ನೊಂದು ಥರ. ಅಲ್ಲಿ ಬಿಲ್ಲು ಸೊನ್ನೆ ಬರುತ್ತದೆ. "ಕರೆಂಟು ಹೇಗೂ ಫ್ರೀ ಅಲ್ವಾ, ಬಾಡಿಗೆ ಐನೂರು ಜಾಸ್ತಿ ಕೊಡಿ" ಎಂದು ಅಲ್ಲಿನ ಓನರ್ ಕೇಳಿ ಪಡೆದರು. ಮನೆಗಳು ಕಡಿಮೆ, ಕೇಳುವವರು ಜಾಸ್ತಿ ಇರುವಲ್ಲಿ ಬಾಡಿಗೆದಾರನ ಜೇಬಿಗೆ ಹಾಕಿದ ಹಣ ಮೇಲಿನ ಮಹಡಿಗೆ ಹತ್ತಲು ಎಷ್ಟು ಹೊತ್ತು? ವೋಚರ್ ಪದ್ಧತಿಯ ಬಗ್ಗೆ ಹೊರದೇಶಗಳಲ್ಲೂ ಇದೇ ವಾದ ನಡೆಯುತ್ತದೆ. ಅದಕ್ಕೇ ಹಣ ಕೊಡುವುದರ ಜೊತೆಗೆ ಮನೆಗಳ ಸಂಖ್ಯೆಯೂ ಹೆಚ್ಚಬೇಕು ಎನ್ನುವವರ ಮಾತು ನನಗೆ ಸರಿ ಕಾಣುತ್ತದೆ.

ಗೃಹಲಕ್ಷ್ಮಿಯ 2,000 ರೂಪಾಯಿ? ಅದು ಬರುತ್ತಿದೆ, ಅಕ್ಕನಿಗಲ್ಲ. ಇವರ ಹೆಸರೆಲ್ಲ ಊರಿನ ರೇಷನ್ ಕಾರ್ಡಿನಲ್ಲಿದೆ, ಅದರ ಯಜಮಾನಿ ಅತ್ತೆ. ಹಣ ಅವರ ಖಾತೆಗೆ ಹೋಗುತ್ತದೆ. ಅತ್ತೆಗೆ ಶುಗರ್, ಬಿಪಿ, ಮಾತ್ರೆಗೇ ಅರ್ಧ ಬೇಕು. ಬಾಡಿಗೆಗೆ ಕೊಡಿ ಎಂದು ಕೇಳಲು ಅಕ್ಕನಿಗೆ ಬಾಯಿ ಬರುವುದಿಲ್ಲ, ನಾನಾದರೂ ಕೇಳುತ್ತಿರಲಿಲ್ಲ. ಬೆಂಗಳೂರು ವಿಳಾಸಕ್ಕೆ ಬೇರೆ ಕಾರ್ಡ್ ಮಾಡಿಸೋಣ ಎಂದರೆ ಹೊಸ ಬಿಪಿಎಲ್ ಅರ್ಜಿ ಬೇಕೆಂದಾಗ ತೆರೆದಿರುವುದಿಲ್ಲ. ತೆರೆದರೂ ವಿಳಾಸಕ್ಕೆ ಆಧಾರ ಕೇಳುತ್ತಾರೆ. ವರ್ಷಗಳಿಂದ ಇದ್ದರೂ ಇವರಿಗೆ ಕರಾರು ಪತ್ರ ಇರಲಿಲ್ಲ, ಎಲ್ಲ ಬಾಯಿ ಮಾತಿನಲ್ಲೇ.

ಉಳಿದದ್ದು ಹುಡುಗನ ವಿದ್ಯಾಸಿರಿ. ಕರ್ನಾಟಕದಲ್ಲಿ ಬಾಡಿಗೆ ಸಬ್ಸಿಡಿಗೆ ಅತಿ ಹತ್ತಿರದ ಯೋಜನೆ ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಊರು ಬಿಟ್ಟು ಬಂದು ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಗೆಂದು 2013-14ರಿಂದ ಕೊಡುತ್ತಿರುವ ಹಣ. ಆಗ ತಿಂಗಳಿಗೆ 1,500ರಂತೆ ಹತ್ತು ತಿಂಗಳು, ವರ್ಷಕ್ಕೆ 15,000 ಇತ್ತು. ಅರ್ಜಿ ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ, ಹಣ ನೇರ ವಿದ್ಯಾರ್ಥಿಯ ಖಾತೆಗೆ. ಎಲ್ಲಿ ಇರುತ್ತೀಯ, ಎಷ್ಟು ಬಾಡಿಗೆ, ಓನರ್ ಒಪ್ಪಿದರೇ ಎಂಬ ಪಂಚಾಯ್ತಿ ಇಲ್ಲ. ಹುಡುಗ ಅರ್ಜಿ ಹಾಕಿದ್ದ, ಮಂಜೂರೂ ಆಗಿತ್ತು. ತಿಂಗಳು ತಿಂಗಳು ಬರಲಿಲ್ಲ, ಒಟ್ಟಿಗೆ ಬಂತು. ಈ ಮನೆಗೆ ಬಂದ ಸರ್ಕಾರದ ವಸತಿ ಹಣ ಅದೊಂದೇ.

ಇಷ್ಟೆಲ್ಲ ನೋಡಿದ ಮೇಲೆ ಗೊತ್ತಾಗಿದ್ದು, ಅಕ್ಕನನ್ನು ನಿಜವಾಗಿ ಕಟ್ಟಿಹಾಕಿರುವುದು ತಿಂಗಳ ಬಾಡಿಗೆಯೇ ಅಲ್ಲ, ಅಡ್ವಾನ್ಸ್.

ಈ ಮನೆಗೆ ಬರುವಾಗ ಕೊಟ್ಟ 50,000ದಲ್ಲಿ 20,000 ಚೀಟಿ ಎತ್ತಿದ್ದು. 30,000 ಕೈಸಾಲ, ನೂರಕ್ಕೆ ಮೂರು ರೂಪಾಯಿ ಬಡ್ಡಿ. ತಿಂಗಳಿಗೆ 900 ಬಡ್ಡಿಯೇ. ಅದು ತೀರುವ ತನಕ ಅವರ ನಿಜವಾದ ಬಾಡಿಗೆ 7,000 ಅಲ್ಲ, 7,900 ಆಗಿತ್ತು. ಈಗ ಮತ್ತೆ ಮೂವತ್ತು ಸಾವಿರ ಎಂದರೆ ಮತ್ತೆ ಅದೇ 900. 8,500 ಬಾಡಿಗೆ, ನೀರು, ಕರೆಂಟು, ಬಡ್ಡಿ ಸೇರಿ 10,150. ಆದಾಯದ ಶೇ. 46. ಬಾಡಿಗೆ ಏರಿದ್ದು ಎಷ್ಟು ಎಂದು ಕೇಳಿದರೆ ಎಲ್ಲರೂ 1,500 ಎನ್ನುತ್ತಾರೆ. ಬಡ್ಡಿ ಯಾರ ಲೆಕ್ಕದಲ್ಲೂ ಬರುವುದಿಲ್ಲ.

ಬಿಟ್ಟು ಬೇರೆ ಮನೆಗೆ ಹೋಗೋಣ ಎಂದರೆ ಇನ್ನೂ ಕಷ್ಟ. ಹೊಸ ಮನೆಗೆ ಅಡ್ವಾನ್ಸ್ ಮೊದಲು ಕೊಡಬೇಕು. ಹಳೆಯದು ಮನೆ ಖಾಲಿ ಮಾಡಿದ ಮೇಲೆ ಬರುತ್ತದೆ. ಎಷ್ಟೋ ಸಲ ಮುಂದಿನ ಬಾಡಿಗೆದಾರ ಬಂದು ಅವನ ಅಡ್ವಾನ್ಸ್ ಕೊಟ್ಟ ಮೇಲೇ ಬರುತ್ತದೆ. ಬರುವಾಗಲೂ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ. ಮನೆಗಳಿಗೆ ಪೇಂಟ್ ಹೊಡೆದೇ ಬದುಕುವ ಮನುಷ್ಯ ತಾನಿದ್ದ ಮನೆಯ ಪೇಂಟಿಗೆ 7,000 ಬಿಡಬೇಕು. ನಾನೇ ಹೊಡೆದು ಕೊಡುತ್ತೇನೆ ಎಂದರೂ ಒಪ್ಪುವುದಿಲ್ಲ. ಇದರ ಮೇಲೆ ಟೆಂಪೋ, ಬ್ರೋಕರ್. ಅದಕ್ಕೇ ಓನರ್ 1,500 ಏರಿಸಿದರೂ ಬಾಡಿಗೆದಾರ ಸುಮ್ಮನೆ ಕೊಡುತ್ತಾನೆ. ಅದು ಓನರ್‌ಗೂ ಗೊತ್ತು.

ಕೇಂದ್ರ 2021ರಲ್ಲಿ ಮಾಡಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಪಡೆಯಬಾರದು ಎಂದಿದೆ. ಆ ಲೆಕ್ಕದಲ್ಲಿ 8,500ರ ಮನೆಗೆ 17,000 ಸಾಕು. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮ ಕಾನೂನಿಗೆ ತಂದುಕೊಂಡರೆ ಉಂಟು. ಬೆಂಗಳೂರಿನ ವಠಾರಗಳಲ್ಲಿ ಅದರ ಸುದ್ದಿಯೇ ಇಲ್ಲ. ನನ್ನನ್ನು ಕೇಳಿದರೆ, ತಿಂಗಳ ಬಾಡಿಗೆಗೆ ನೆರವು ಕೊಡುವ ಮೊದಲು ಅಡ್ವಾನ್ಸಿಗೆ ಬಡ್ಡಿಯಿಲ್ಲದ ಸಾಲ ಕೊಡುವ ಒಂದು ನಿಧಿ ಬೇಕು. ಮನೆ ಬಿಟ್ಟಾಗ ಓನರ್ ಆ ಹಣವನ್ನು ನಿಧಿಗೇ ವಾಪಸ್ ಕಟ್ಟಲಿ. ಒಂದೇ ಹಣ ಹತ್ತು ಮನೆ ಸುತ್ತುತ್ತದೆ.

ಗಂಡ ಲೀಸ್ ಮನೆಯ ಮಾತೂ ತೆಗೆದರು. ನಾಲ್ಕು ಲಕ್ಷ ಕೊಟ್ಟರೆ ಮೂರು ವರ್ಷ ಬಾಡಿಗೆಯೇ ಇಲ್ಲ. ಕೇಳಲು ಚೆನ್ನಾಗಿದೆ. ನಾಲ್ಕು ಲಕ್ಷವನ್ನು ನೂರಕ್ಕೆ ಎರಡರಂತೆ ತಂದರೂ ತಿಂಗಳಿಗೆ 8,000 ಬಡ್ಡಿ. ಮೂರು ವರ್ಷದ ಕರಾರನ್ನು ನೋಂದಣಿ ಮಾಡಿಸಲೇಬೇಕು, ಮಾಡಿಸುವವರು ಕಡಿಮೆ. ಆ ಮನೆಯ ಮೇಲೆ ಓನರ್‌ಗೆ ಬ್ಯಾಂಕ್ ಸಾಲ ಇದ್ದು, ಕಟ್ಟದೆ ಬ್ಯಾಂಕಿನವರು ಹರಾಜಿಗೆ ಬಂದರೆ ಲೀಸ್ ಹಣ ಹೋದ ಹಾಗೆಯೇ. ಬೇಡ ಎಂದು ಖಡಾಖಂಡಿತವಾಗಿ ಹೇಳಿದೆ.

ಕೊನೆಗೆ ಓನರ್ ಜೊತೆ ಕೂತು ಮಾತಾಡಿದೆವು. ಅವರೂ ಕೆಟ್ಟವರಲ್ಲ. ಫ್ಯಾಕ್ಟರಿ ಕೆಲಸದಿಂದ ರಿಟೈರ್ ಆದವರು, ಕಟ್ಟಡದ ಸಾಲ ಇನ್ನೂ ಇದೆ, ಐದು ಮನೆಯ ಬಾಡಿಗೆಯೇ ಪೆನ್ಷನ್. ಕರಾರು ಪತ್ರ ಬೇಡ ಎಂದು ಅವರು ಹಟ ಹಿಡಿದದ್ದಕ್ಕೂ ಕಾರಣವಿತ್ತು. ಆಗಿನ ಬಿಬಿಎಂಪಿಯ ಆಸ್ತಿ ತೆರಿಗೆಯಲ್ಲಿ ಬಾಡಿಗೆ ಮನೆಯ ದರ ಸ್ವಂತ ವಾಸದ ಮನೆಯ ದರದ ಎರಡರಷ್ಟಿತ್ತು. ಇವರು ಇಡೀ ಕಟ್ಟಡವನ್ನು ಸ್ವಂತ ವಾಸ ಎಂದೇ ತೋರಿಸಿದ್ದರು. ಬಾಡಿಗೆದಾರನ ಕೈಯಲ್ಲಿ ಸ್ಟ್ಯಾಂಪ್ ಪೇಪರ್ ಇದ್ದರೆ ನಾಳೆ ನೋಟಿಸ್ ಬಂದೀತು ಎಂಬ ಭಯ. ಆ ಒಂದು ಸಹಿಗೆ ಅಕ್ಕನ ಆಧಾರ್ ವಿಳಾಸ, ಗ್ಯಾಸ್, ರೇಷನ್ ಕಾರ್ಡ್ ಎಲ್ಲ ನೇತುಹಾಕಿಕೊಂಡಿವೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ಹೊರಗೆ ಹೇಗೂ ಐದು ಬಾಗಿಲು ಕಾಣುತ್ತಿವೆಯಲ್ಲ, ಕರಾರು ಇಲ್ಲದಿದ್ದರೆ ಅಧಿಕಾರಿಗೆ ಗೊತ್ತಾಗುವುದಿಲ್ಲವೇ ಎಂದು ಅವರ ಮಗಳೇ ಕೇಳಿದ ಮೇಲೆ ಮೆತ್ತಗಾದರು.

ಬಾಡಿಗೆ 7,700ಕ್ಕೆ ನಿಂತಿತು, ಅಂದರೆ ಶೇ. 10 ಏರಿಕೆ. ಅಡ್ವಾನ್ಸ್ 70,000. ಹೆಚ್ಚುವರಿ ಇಪ್ಪತ್ತು ಸಾವಿರದಲ್ಲಿ 12,000 ಹುಡುಗ ಕೊಟ್ಟ ವಿದ್ಯಾಸಿರಿ ಹಣ, 8,000 ಅಕ್ಕನ ಚೀಟಿಯದು. ಈ ಸಲ ಬಡ್ಡಿಗೆ ತರಲಿಲ್ಲ. ನೀರು, ಕರೆಂಟು ಸೇರಿ ತಿಂಗಳಿಗೆ 8,450, ಆದಾಯದ ಶೇ. 38. ಹನ್ನೊಂದು ತಿಂಗಳ ಕರಾರನ್ನು ಈ-ಸ್ಟ್ಯಾಂಪ್ ಪೇಪರಿನಲ್ಲಿ ಟೈಪ್ ಮಾಡಿದೆ. ಮುಂದಿನ ಏರಿಕೆ ಶೇ. 5 ಮೀರಬಾರದು, ಖಾಲಿ ಮಾಡಲು ಎರಡು ತಿಂಗಳ ನೋಟಿಸ್, ಅಡ್ವಾನ್ಸ್ ಬೀಗದ ಕೈ ಕೊಟ್ಟ ದಿನವೇ ವಾಪಸ್, ಪೇಂಟಿಂಗ್ ಬಾಡಿಗೆದಾರರೇ ಮಾಡಿಕೊಡಬಹುದು ಎಂದು ಬರೆಸಿದೆವು. ಕೊನೆಯದಕ್ಕೆ ಓನರ್ ನಕ್ಕು ಸಹಿ ಹಾಕಿದರು.

ಕರಾರು ತೋರಿಸಿ ಅಕ್ಕನ ಆಧಾರ್ ವಿಳಾಸ ಬದಲಾಯಿತು. ಮೀಟರ್ ಇನ್ನೂ ಒಂದೇ ಇದೆ. ಹುಡುಗನ ಡಿಗ್ರಿ ಮುಂದಿನ ವರ್ಷ ಮುಗಿಯುತ್ತದೆ, ವಿದ್ಯಾಸಿರಿಯೂ ಅಲ್ಲಿಗೆ ನಿಲ್ಲುತ್ತದೆ. ಕರಾರು ನವೀಕರಿಸುವಾಗ ಬಾಡಿಗೆ ಹೆಚ್ಚೆಂದರೆ 8,085 ಆಗುತ್ತದೆ. ಅಷ್ಟರೊಳಗೆ ಹೊಸ ರೇಷನ್ ಕಾರ್ಡಿನ ಅರ್ಜಿ ತೆರೆದರೆ ಫೋನ್ ಮಾಡಿ ಎಂದು ಅಕ್ಕ ಹೇಳಿ ಹೋಗಿದ್ದಾರೆ.